ಗಟ್ಟಿಗರ ಗತ್ತು: ಹಳೆಯ ಆ್ಯಕ್ಷನ್ ನಾಯಕರ ಚಿತ್ರಗಳನ್ನು ನೋಡುವ ಬಗೆ

ಚಾರ್ಲ್ಸ್ ಬ್ರಾನ್ಸನ್, ಲೀ ಮಾರ್ವಿನ್, ಸ್ಟೀವ್ ಮೆಕ್ವೀನ್, ಬರ್ಟ್ ಲ್ಯಾಂಕಾಸ್ಟರ್, ತೊಷಿರೊ ಮಿಫುನೆ ಮುಂತಾದವರ ಹೆಸರಾಂತ ಚಿತ್ರಗಳು ತೆರೆಗೆ ಬಂದು ಅರ್ಧ ಶತಮಾನ ದಾಟಿದರೂ ಅವುಗಳನ್ನು ಹುಡುಕಿಕೊಂಡು ನೋಡುವವರು ಇಂದಿಗೂ ಇದ್ದಾರೆ. ಹಾಗೆಂದು ಎಲ್ಲರಿಗೂ ಅವು ಮೊದಲ ನೋಟಕ್ಕೇ ಹಿಡಿಸುತ್ತವೆ ಎನ್ನುವಂತಿಲ್ಲ. ಈಗಿನ ಚಿತ್ರಗಳ ವೇಗಕ್ಕೆ ಒಗ್ಗಿದವರು ಅರ್ಧ ಗಂಟೆ ನೋಡಿ, ಇದರಲ್ಲಿ ಏನೂ ನಡೆಯುತ್ತಲೇ ಇಲ್ಲವಲ್ಲ ಎಂದು ಎದ್ದುಬಿಡುವುದುಂಟು. ಹೊಡೆದಾಟ ಯಾವಾಗ ಬರುತ್ತದೆ ಎಂದು ಕಾಯುತ್ತ ಕುಳಿತವರಿಗೆ ಹಾಗೆ ಅನ್ನಿಸುವುದು ಸಹಜ, ಏಕೆಂದರೆ ಈ ಚಿತ್ರಗಳಲ್ಲಿ ನೋಡಬೇಕಾದದ್ದರ ಬಹುಪಾಲು ಹೊಡೆದಾಟಕ್ಕೆ ಮೊದಲೇ ನಡೆದುಹೋಗಿರುತ್ತದೆ. ಈ ನಾಯಕರ ಸೆಳೆತವೆಲ್ಲ ಅವರು ಬಳಸದೆ ತಡೆದಿಟ್ಟುಕೊಂಡ ಬಲದಲ್ಲಿದೆ ಎಂಬುದು ನನ್ನ ಎಣಿಕೆ; ಅದನ್ನು ಕಾಣುವುದಕ್ಕೆ ಕಣ್ಣನ್ನು ಸ್ವಲ್ಪ ಪಳಗಿಸಬೇಕಾಗುತ್ತದೆ.

ಮೊದಲು ಕಾಯುವ ದೃಶ್ಯಗಳನ್ನು ನೋಡುವುದನ್ನು ರೂಢಿಸಿಕೊಳ್ಳಿ. ಸರ್ಜಿಯೊ ಲಿಯೋನೆ 1968ರಲ್ಲಿ ನಿರ್ದೇಶಿಸಿದ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರದ ಆರಂಭ ಇದಕ್ಕೆ ಒಳ್ಳೆಯ ಪಾಠ. ಮೂವರು ಬಂದೂಕುಧಾರಿಗಳು ಒಂದು ಹಾಳುಬಿದ್ದಂತಿರುವ ರೈಲು ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತಾರೆ. ಮೇಲಿನಿಂದ ತೊಟ್ಟಿಕ್ಕುವ ನೀರು ಒಬ್ಬನ ಟೋಪಿಯ ಮೇಲೆ ಬೀಳುತ್ತದೆ. ಅವನು ಜಾಗ ಬಿಟ್ಟು ಕದಲುವುದಿಲ್ಲ. ಇನ್ನೊಬ್ಬನ ಮುಖದ ಮೇಲೆ ನೊಣವೊಂದು ಹರಿದಾಡುತ್ತದೆ. ಅವನು ಕೈಯೆತ್ತಿ ಓಡಿಸುವ ಗೋಜಿಗೆ ಹೋಗದೆ ಬಾಯಿಂದ ಊದುತ್ತಾನೆ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಹಿನ್ನೆಲೆ ಸಂಗೀತವಂತೂ ಇಲ್ಲವೇ ಇಲ್ಲ, ಗಾಳಿಯಂತ್ರದ ಕಿರ್ ಎನ್ನುವ ಸದ್ದು ಮಾತ್ರ ಕೇಳುತ್ತಿರುತ್ತದೆ. ರೈಲು ಬಂದು ಹೊರಟುಹೋದ ಮೇಲೆ ಹಳಿಯ ಆಚೆ ಬದಿಯಲ್ಲಿ ಬ್ರಾನ್ಸನ್ ನಿಂತಿರುತ್ತಾನೆ. ಅವನು ಏನು ಮಾಡಬಲ್ಲನು ಎಂಬುದು ನಮಗಿನ್ನೂ ಗೊತ್ತಿಲ್ಲ, ಆದರೆ ಇಷ್ಟು ಹೊತ್ತು ನಮ್ಮನ್ನು ಕಾಯಿಸಿದ್ದರಿಂದಲೇ ಅವನ ತೂಕ ಏರಿಬಿಟ್ಟಿದೆ. ಗುಂಡು ಹಾರುವುದು ಕ್ಷಣಮಾತ್ರ. ಈ ಭಾಗವನ್ನು ಮುಂದಕ್ಕೆ ಓಡಿಸಿದರೆ ಆ ಕ್ಷಣಕ್ಕೆ ಯಾವ ಬೆಲೆಯೂ ಉಳಿಯುವುದಿಲ್ಲ. ಆದ್ದರಿಂದ ಮೊಬೈಲನ್ನು ಕೈಗೆಟುಕದಂತೆ ಇಟ್ಟು ನೋಡುವುದು ಮೇಲು.

ಸಾಧ್ಯವಾದಷ್ಟೂ ಮೂಲ ಧ್ವನಿಯಲ್ಲೇ, ಅಡಿಬರಹ ಹಾಕಿಕೊಂಡು ನೋಡಿ. ಮಾರ್ವಿನ್ನನ ತಗ್ಗುದನಿಯನ್ನು ಕಂಠದಾನ ಕಲಾವಿದರು ಎಷ್ಟೇ ಶ್ರಮಪಟ್ಟರೂ ತರಲಾರರು. ಇಟಲಿಯಲ್ಲಿ ತಯಾರಾದ ವೆಸ್ಟರ್ನ್ ಚಿತ್ರಗಳಲ್ಲಿ (ಅಮೆರಿಕದ ಪಶ್ಚಿಮ ಸೀಮೆಯ ಬಂದೂಕುಗಾರರ ಕಥೆಗಳಲ್ಲಿ) ಮಾತ್ರ ಮೂಲದಲ್ಲಿಯೂ ತುಟಿಗೂ ಮಾತಿಗೂ ಹೊಂದಿಕೆಯಿರುವುದಿಲ್ಲ, ಏಕೆಂದರೆ ಅಲ್ಲಿ ಚಿತ್ರೀಕರಣ ಮುಗಿದ ಮೇಲೆ ಧ್ವನಿ ಸೇರಿಸುವುದೇ ವಾಡಿಕೆಯಾಗಿತ್ತು. ಅದನ್ನು ದೋಷವೆಂದು ಎಣಿಸದೆ ಮುಂದುವರಿಯಿರಿ.

ಎರಡನೆಯದಾಗಿ, ಮಾತನಾಡುತ್ತಿರುವವನನ್ನು ಬಿಟ್ಟು ಕೇಳಿಸಿಕೊಳ್ಳುತ್ತಿರುವವನನ್ನು ನೋಡಿ. ದೂರದರ್ಶನದ ವೆಸ್ಟರ್ನ್ ಧಾರಾವಾಹಿಯಿಂದ ಬಂದಿದ್ದ ಕ್ಲಿಂಟ್ ಈಸ್ಟ್‌ವುಡ್ 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಚಿತ್ರದಲ್ಲಿ ತನ್ನ ಪಾತ್ರದ ಮಾತುಗಳನ್ನು ತಾನೇ ಕೇಳಿಕೊಂಡು ಕಡಿಮೆ ಮಾಡಿಸಿದ. ನಟರು ಸಾಮಾನ್ಯವಾಗಿ ತಮಗೆ ಇನ್ನೊಂದು ಪುಟ ಮಾತು ಬೇಕೆಂದು ಹಟ ಹಿಡಿಯುವವರು. ಈತ ಇದ್ದದ್ದನ್ನೂ ತೆಗೆಸಿದ್ದು ಜಾಣತನ, ಏಕೆಂದರೆ ತನ್ನ ಬಗ್ಗೆ ಹೇಳಿಕೊಳ್ಳದವನ ಹಿಂದುಮುಂದನ್ನು ಪ್ರೇಕ್ಷಕರೇ ಊಹಿಸಿಕೊಳ್ಳತೊಡಗುತ್ತಾರೆ. ಮೆಕ್ವೀನನೂ ಇದೇ ಜಾಡಿನವನು. ಎದುರಿನವನು ಬೆದರಿಕೆ ಹಾಕುತ್ತಿರುವಾಗ ಇವರ ಕೈ ಏನು ಮಾಡುತ್ತಿದೆ, ಕಣ್ಣು ಎಲ್ಲಿ ನೆಟ್ಟಿದೆ ಎಂಬುದನ್ನು ಗಮನಿಸಿದರೆ ನಟನೆಯೇ ಗೊತ್ತಿಲ್ಲದ ಕಲ್ಲುಮುಖದವರು ಎಂಬ ಹಳೆಯ ದೂರು ಎಷ್ಟು ಪೊಳ್ಳೆಂದು ತಾನೇ ತಿಳಿಯುತ್ತದೆ.

ಮೆಕ್ವೀನನ ‘ಬುಲಿಟ್’ (1968) ಚಿತ್ರದ ಕಾರಿನ ಬೆನ್ನಟ್ಟುವಿಕೆಯನ್ನು ಎರಡು ಸಲ ನೋಡಬೇಕು: ಒಮ್ಮೆ ಸುಮ್ಮನೆ, ಮತ್ತೊಮ್ಮೆ ಕಿವಿಗೊಟ್ಟು. ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಬಾಡಿಗೆ ಹಂತಕರಿಬ್ಬರು ಕಪ್ಪು ಡಾಜ್ ಚಾರ್ಜರ್‌ನಲ್ಲಿ ಅವನ ಹಸಿರು ಮಸ್ಟಾಂಗನ್ನು ಹಿಂಬಾಲಿಸುತ್ತಾರೆ. ಮಸ್ಟಾಂಗ್ ಕಣ್ಮರೆಯಾಗುತ್ತದೆ, ಸ್ವಲ್ಪ ಹೊತ್ತಿಗೆ ಹಂತಕರ ಹಿನ್ನೋಟದ ಕನ್ನಡಿಯಲ್ಲೇ ಪ್ರತ್ಯಕ್ಷವಾಗುತ್ತದೆ. ಆಗ ಹಂತಕರ ಚಾಲಕ ಏನೂ ಹೇಳದೆ ಸೀಟ್ ಬೆಲ್ಟ್ ಬಿಗಿದುಕೊಳ್ಳುತ್ತಾನೆ. ಅಲ್ಲಿಯವರೆಗೆ ಮೆಲ್ಲಗೆ ನುಡಿಯುತ್ತಿದ್ದ ಸಂಗೀತ ಟೈರುಗಳು ಕಿರುಚಿದ ಕೂಡಲೇ ನಿಂತುಹೋಗುತ್ತದೆ. ಆಮೇಲಿನದೆಲ್ಲ ಎಂಜಿನ್ನಿನ, ಗೇರಿನ, ಬ್ರೇಕಿನ ಸದ್ದು. ಒಂದೆಡೆ ಮೆಕ್ವೀನ್ ತಿರುವು ತಪ್ಪಿಸಿಕೊಂಡು ಮುಂದೆ ಹೋಗಿ, ಕಿಟಕಿಯಿಂದ ತಲೆ ಹೊರಹಾಕಿ, ಚಕ್ರದಿಂದ ಹೊಗೆ ಎಬ್ಬಿಸುತ್ತ ಹಿಂದಕ್ಕೆ ಬರುತ್ತಾನೆ; ನಾಯಕನ ಕೈತಪ್ಪನ್ನು ಕತ್ತರಿಸದೆ ಉಳಿಸಿಕೊಂಡದ್ದರಿಂದಲೇ ಉಳಿದ ಓಟವೆಲ್ಲ ನಿಜವೆನಿಸುತ್ತದೆ. (ಅವರು ಹಿಂದಿಕ್ಕಿದ ಹಸಿರು ಫೋಕ್ಸ್‌ವ್ಯಾಗನ್ ಬೀಟಲ್ ಮತ್ತೆ ಮತ್ತೆ ಮುಂದೆ ಕಾಣಿಸಿಕೊಳ್ಳುವುದನ್ನು ಹುಡುಕುವುದು ಅಭಿಮಾನಿಗಳ ಪ್ರಿಯವಾದ ಆಟ.) ಎಲ್ಲವನ್ನೂ ಅವನೊಬ್ಬನೇ ಓಡಿಸಿದ್ದಲ್ಲ, ಅಪಾಯದ ಭಾಗಗಳಲ್ಲಿ ಸ್ಟಂಟ್ ಚಾಲಕರಿದ್ದರು, ಡ್ಯೂಪ್ ಇದ್ದರೆ ಮೋಸ ಎಂದು ತೀರ್ಮಾನಿಸುವುದು ಈ ಕಸುಬಿಗೆ ಮಾಡುವ ಅನ್ಯಾಯ.

ಮೂರನೆಯದು ಮೈಯನ್ನು ನೋಡುವ ಬಗೆ. 1980ರ ದಶಕದಲ್ಲಿ ದೇಹದಾರ್ಢ್ಯದ ಯುಗ ಬಂತು. ಏಳು ಬಾರಿ ಮಿಸ್ಟರ್ ಒಲಿಂಪಿಯಾ ಗೆದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್ 1984ರಲ್ಲಿ ‘ದ ಟರ್ಮಿನೇಟರ್’ ಚಿತ್ರದ ಯಂತ್ರಮಾನವನ ಪಾತ್ರಕ್ಕೆ ಹೇಳಿ ಮಾಡಿಸಿದಂತಿದ್ದ. ಆ ಮೈ ನೋಡಿಸಿಕೊಳ್ಳಲೆಂದು ಕಡೆದ ಮೈ. ಅದಕ್ಕೆ ಹಿಂದಿನವರ ಮೈ ಕೆಲಸ ಮಾಡಿ ಗಟ್ಟಿಯಾದದ್ದು, ಮತ್ತು ನನಗೆ ಹೆಚ್ಚು ಹಿಡಿಸುವುದು ಅದೇ. ಲ್ಯಾಂಕಾಸ್ಟರ್ ಸಿನಿಮಾಕ್ಕೆ ಬರುವ ಮೊದಲು ಸರ್ಕಸ್ಸಿನಲ್ಲಿ ಕಸರತ್ತು ಮಾಡುತ್ತಿದ್ದವನು. ಜಾನ್ ಫ್ರಾಂಕನ್‌ಹೈಮರ್ ನಿರ್ದೇಶನದ ‘ದ ಟ್ರೇನ್’ (1964) ಚಿತ್ರೀಕರಣದ ಹೊತ್ತಿಗೆ ಅವನಿಗೆ ಐವತ್ತು ವರ್ಷ. ಆದರೂ ಏಣಿಯಿಂದ ಸರ್ರನೆ ಜಾರುವುದು, ಓಡುವ ರೈಲಿಗೆ ಹತ್ತುವುದು ಮುಂತಾದ ಸಾಹಸಗಳನ್ನು ತಾನೇ ಮಾಡಿದ. ಅವುಗಳಿಗಿಂತಲೂ ಅವನು ಎಂಜಿನ್ನಿನ ಬೇರಿಂಗನ್ನು ಎರಕ ಹೊಯ್ದು ಸರಿಪಡಿಸುವ ದೃಶ್ಯವನ್ನು ಗಮನಿಸಿ. ಕಲಿತ ಕೆಲಸವನ್ನು ಮಾಡುವ ಕೈಗಳನ್ನು ಕ್ಯಾಮೆರಾ ಅವಸರವಿಲ್ಲದೆ ನೋಡುತ್ತ ನಿಲ್ಲುತ್ತದೆ. ರಜೆಯ ದಿನ ಗಾಲ್ಫ್ ಆಡುವಾಗ ಅವನ ಮೊಣಕಾಲಿಗೆ ಪೆಟ್ಟಾದದ್ದರಿಂದ, ಕುಂಟುವುದಕ್ಕೊಂದು ಕಾರಣ ಬೇಕೆಂದು ಕಥೆಯಲ್ಲಿ ಅವನ ಕಾಲಿಗೆ ಗುಂಡು ತಗಲುವ ದೃಶ್ಯ ಸೇರಿಕೊಂಡಿತು. ಹೀಗೆ ಬಂದ ಕುಂಟು ಕೊನೆಯ ಭಾಗಕ್ಕೆ ಎಂತಹ ಬಲ ಕೊಟ್ಟಿದೆಯೆಂದರೆ, ಅದಿಲ್ಲದ ಚಿತ್ರವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ.

ನಟರ ಬದುಕಿನ ಹಿನ್ನೆಲೆ ತಿಳಿದಿದ್ದರೆ ಒಳ್ಳೆಯದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಮಾರ್ವಿನ್ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮರೀನ್ ಪಡೆಯಲ್ಲಿದ್ದು 1944ರಲ್ಲಿ ಸೈಪಾನ್ ದ್ವೀಪದಲ್ಲಿ ಗಾಯಗೊಂಡವನು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯಲ್ಲಿ ಹುಟ್ಟಿದ ಬ್ರಾನ್ಸನ್ ಗಣಿಯೊಳಗೆ ದುಡಿದು, ಆಮೇಲೆ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿದ್ದವನು. ಇವರ ಮುಖದ ಗೆರೆಗಳನ್ನು ಮೇಕಪ್‌ನವರು ಬರೆದದ್ದಲ್ಲ ಎನ್ನುವುದೇನೋ ಸರಿ. ಆದರೆ ಎಷ್ಟೋ ಚಿತ್ರಗಳಲ್ಲಿ ಸೈನಿಕನಾಗಿ ಮೆರೆದ ಜಾನ್ ವೇನ್ ಆ ಯುದ್ಧದಲ್ಲಿ ಸೇನೆಗೆ ಸೇರಿರಲಿಲ್ಲ, ತುಟಿಯಂಚಿನ ಚುಟ್ಟಾಕ್ಕೆ ಹೆಸರಾದ ಈಸ್ಟ್‌ವುಡ್ ಧೂಮಪಾನಿಯೇ ಅಲ್ಲ. ನೋಡಬೇಕಾದದ್ದು ತೆರೆಯ ಮೇಲಿನ ಕೆಲಸವನ್ನು.

ಇದನ್ನು ಪರೀಕ್ಷಿಸುವುದಕ್ಕೆ ಒಂದೇ ಕಥೆಯನ್ನು ಇಬ್ಬರಲ್ಲಿ ನೋಡುವುದು ಸುಲಭದ ದಾರಿ. ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾನ ‘ಯೊಜಿಂಬೊ’ (1961) ಕಥೆಯನ್ನೇ ಲಿಯೋನೆ ಅನುಮತಿಯಿಲ್ಲದೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದ್ದ; ವ್ಯಾಜ್ಯವಾಗಿ ರಾಜಿಯೂ ಆಯಿತು. ಯಜಮಾನನಿಲ್ಲದ ಸಮುರಾಯ್ ಆದ ಮಿಫುನೆ ಯಾವ ದಾರಿ ಹಿಡಿಯಬೇಕೆಂದು ಕೋಲೊಂದನ್ನು ಮೇಲಕ್ಕೆಸೆದು, ಅದು ಬಿದ್ದ ದಿಕ್ಕಿಗೆ ಹೊರಡುತ್ತಾನೆ. ಭುಜ ಕುಲುಕುತ್ತಾನೆ, ಗಡ್ಡ ಕೆರೆದುಕೊಳ್ಳುತ್ತಾನೆ, ಒಂದು ಕಡೆ ನೆಟ್ಟಗೆ ನಿಲ್ಲುವುದಿಲ್ಲ. ಈಸ್ಟ್‌ವುಡ್ ಅದೇ ಪಾತ್ರದಲ್ಲಿ ಅಲುಗಾಡುವುದೇ ಅಪರೂಪ. ಎರಡನ್ನೂ ಹತ್ತಿರಹತ್ತಿರದಲ್ಲಿ ನೋಡಿದರೆ, ಗತ್ತಿಗೆ ಗೊತ್ತಾದ ಅಚ್ಚು ಇಲ್ಲವೆಂಬುದು ಖಚಿತವಾಗುತ್ತದೆ.

ಇವರು ಸೋಲುವ, ಅಳುವ, ಮುದುಕರಾಗುವ ಚಿತ್ರಗಳನ್ನು ತಪ್ಪಿಸಬಾರದು. 1976ರ ‘ರಾಕಿ’ಯಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಕೊನೆಯ ಪಂದ್ಯವನ್ನು ಸೋಲುತ್ತಾನೆ, 1982ರ ‘ಫಸ್ಟ್ ಬ್ಲಡ್’ನ ಕೊನೆಗೆ ಅವನದೇ ಪಾತ್ರವಾದ ರ‍್ಯಾಂಬೊ ಕುಸಿದು ಬಿಕ್ಕಿಬಿಕ್ಕಿ ಅಳುತ್ತಾನೆ, ಮುಂದಿನ ಭಾಗಗಳನ್ನು ಮಾತ್ರ ನೋಡಿದವರಿಗೆ ಇದು ನಂಬಲಾಗದ ಸಂಗತಿ.

ತಕರಾರುಗಳನ್ನೂ ಜೊತೆಗಿಟ್ಟುಕೊಂಡೇ ನೋಡಬೇಕು. ಹೆಣ್ಣುಪಾತ್ರಗಳು ಬಹಳ ಕಡೆ ನೆಪಮಾತ್ರಕ್ಕಿವೆ. ಕಾನೂನನ್ನು ಕೈಗೆತ್ತಿಕೊಂಡು ಬೀದಿಯಲ್ಲಿ ಪುಂಡರನ್ನು ಕೊಲ್ಲುವ ವ್ಯಕ್ತಿಯಾಗಿ ಬ್ರಾನ್ಸನ್ ನಟಿಸಿದ ‘ಡೆತ್ ವಿಶ್’ (1974) ಗೆದ್ದಿತಾದರೂ, ಮೂಲ ಕಾದಂಬರಿ ಬರೆದ ಬ್ರಯಾನ್ ಗಾರ್ಫೀಲ್ಡ್‌ಗೆ ಚಿತ್ರ ಆ ಹಿಂಸೆಯನ್ನು ಎತ್ತಿಹಿಡಿದಂತೆ ಕಂಡು ಅಸಮಾಧಾನವಾಗಿತ್ತು. ಗಾರ್ಫೀಲ್ಡ್ ಹೇಳಿದ್ದರಲ್ಲಿ ಹುರುಳಿದೆ: ತಡೆದಿಟ್ಟುಕೊಳ್ಳುವ ಬಲವೇ ಇಲ್ಲವಾದಾಗ ಉಳಿಯುವುದು ಬರಿಯ ಲೆಕ್ಕ ಚುಕ್ತಾ, ಅದರ ಮುಂದಿನ ಭಾಗಗಳಂತೂ ಕೊಂದವರ ಎಣಿಕೆಯಾಗಿಬಿಟ್ಟಿವೆ.

ಹೊಸಬರಾದರೆ ‘ದ ಟ್ರೇನ್’ನಿಂದ ಪ್ರಾರಂಭಿಸಿ, ಅದರ ಕಥೆ ನೇರವಾಗಿದೆ. ಅದಾದ ಮೇಲೆ ‘ಯೊಜಿಂಬೊ’ ಮತ್ತು ಅದರ ಇಟಾಲಿಯನ್ ಜೋಡಿ. ‘ಬುಲಿಟ್’ನ ಕಥೆ ತುಸು ಗೋಜಲಾದ್ದರಿಂದ ಅನಂತರ ಸಾಕು. ಲಿಯೋನೆಯ ದೀರ್ಘ ಚಿತ್ರಕ್ಕೆ ಬಿಡುವಿನ ದಿನವನ್ನೇ ಮೀಸಲಿಡಿ. ಈಸ್ಟ್‌ವುಡ್ 1992ರಲ್ಲಿ ತಾನೇ ನಿರ್ದೇಶಿಸಿ ನಟಿಸಿದ ‘ಅನ್‌ಫರ್‌ಗಿವನ್’ ಅನ್ನು ಕೊನೆಗೆ ಉಳಿಸಿಕೊಳ್ಳಿ. ಅದರಲ್ಲಿ ಹಂದಿ ಸಾಕಿಕೊಂಡಿರುವ ಹಳೆಯ ಬಂದೂಕುಗಾರ ಡಬ್ಬಿಯೊಂದನ್ನು ಇಟ್ಟು ಪಿಸ್ತೂಲಿನಿಂದ ಗುರಿ ಹಿಡಿದು ಹೊಡೆಯುತ್ತಾನೆ, ಒಂದು ಗುಂಡೂ ತಗಲುವುದಿಲ್ಲ. ಒಳಗೆ ಹೋಗಿ ದೊಡ್ಡ ಷಾಟ್‌ಗನ್ ತಂದು ಡಬ್ಬಿಯನ್ನು ಉಡಾಯಿಸುತ್ತಾನೆ. ಹಿಂದಿನ ಚಿತ್ರಗಳನ್ನು ನೋಡದವರಿಗೆ ಅದೊಂದು ಚಿಕ್ಕ ತಮಾಷೆ, ನೋಡಿದವರಿಗೆ ನಗುವುದಕ್ಕೂ ಮನಸ್ಸು ಬಾರದು.