ಸೋಯಾ ಕಾಳಿನ ಐಸೋಫ್ಲೇವೋನ್: ತಳಿಯ ಪಾಲೆಷ್ಟು, ಬಿಸಿಲಿನ ಪಾಲೆಷ್ಟು?

ಸೋಯಾ ಅವರೆಯ ಒಂದು ತಳಿಯಲ್ಲಿ ಐಸೋಫ್ಲೇವೋನ್ (ಗಿಡವೇ ತಯಾರಿಸುವ ಒಂದು ಬಗೆಯ ರಾಸಾಯನಿಕ) ಇಷ್ಟಿದೆ ಅಂತ ಯಾರಾದರೂ ಒಂದೇ ಅಂಕಿ ಹೇಳಿದರೆ, ಯಾವ ಕಾಲದಲ್ಲಿ ಬೆಳೆದಿರಿ ಅಂತ ನಾನು ಮೊದಲು ಕೇಳುತ್ತೇನೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಎಂ.ಎಸ್ಸಿ. ಓದುವಾಗ ನಾನು ಮಾಡಿದ್ದೇ ಇದನ್ನು: ಆ ಅಂಕಿಯಲ್ಲಿ ತಳಿಯ ಪಾಲು, ಹವೆಯ ಪಾಲು ಬೇರೆ ಮಾಡುವುದು.

ಗಿಡ ಇದನ್ನು ನಮಗೋಸ್ಕರ ಮಾಡುವುದಿಲ್ಲ. ಬೇರಿನಿಂದ ಡೈಡ್ಜೀನ್, ಜೆನಿಸ್ಟೀನ್ ಅನ್ನುವ ಐಸೋಫ್ಲೇವೋನ್‌ಗಳನ್ನು ಹೊರಬಿಟ್ಟು ಗಂಟು ಕಟ್ಟುವ ಬ್ಯಾಕ್ಟೀರಿಯಾಗಳನ್ನು ಕರೆಯುತ್ತದೆ. ಕಾಳಿನಲ್ಲಿ ಕೂಡಿಟ್ಟದ್ದು ನಮ್ಮ ಪಾಲಿಗೆ ಬರುತ್ತದೆ, ಅಷ್ಟೆ.

ಜೆಎಸ್ 335, ಕೆಎಚ್‌ಎಸ್‌ಬಿ 2 ಮತ್ತೆ ಕೆಲವು ತಳಿಗಳನ್ನು ಮುಂಗಾರಿನಲ್ಲಿ ಒಂದೇ ತಾಕಿನಲ್ಲಿ ಬಿತ್ತಿದೆ. ಅವನ್ನೇ ಬೇಸಿಗೆಯಲ್ಲಿ ನೀರು ಹಾಯಿಸಿ ಬೆಳೆದೆ. ಸೆಪ್ಟೆಂಬರಿನ ತಂಪಿನಲ್ಲಿ ತುಂಬಿದ ಕಾಳಿಗೆ ಹೋಲಿಸಿದರೆ ಏಪ್ರಿಲ್ ಬಿಸಿಲಲ್ಲಿ ತುಂಬಿದ್ದರಲ್ಲಿ ಐಸೋಫ್ಲೇವೋನ್ ಎಲ್ಲ ತಳಿಯಲ್ಲೂ ಕಡಿಮೆ. ಆದರೆ ಯಾವುದು ಜಾಸ್ತಿ, ಯಾವುದು ಕಡಿಮೆ ಅನ್ನುವ ಸಾಲು ಹೆಚ್ಚು ಕದಲಲಿಲ್ಲ. ತಳಿಯ ಗುಣ ಕಾಣುವುದು ಅಲ್ಲಿ.

ನಾಜೂಕಿನ ಕೆಲಸವೆಲ್ಲ ಲ್ಯಾಬಿನಲ್ಲಿ. ಮೊಳಕೆ ಬರುವ ಮೂತಿ ಕಾಳಿನ ತೂಕದಲ್ಲಿ ಸುಮಾರು 2% ಇರಬಹುದು. ಆದರೆ ಅದರಲ್ಲಿ ಐಸೋಫ್ಲೇವೋನ್ ಬೇಳೆಗಿಂತ ಹಲವು ಪಟ್ಟು ದಟ್ಟ. ಗ್ಲೈಸಿಟೀನ್ ಅನ್ನುವ ಇನ್ನೊಂದು ಐಸೋಫ್ಲೇವೋನ್ ಇರುವುದಂತೂ ಹೆಚ್ಚುಕಡಿಮೆ ಅಲ್ಲೇ. ಮೂತಿಯ ಕಡೆ ಬಿತ್ತನೆಗೆ ಉಳಿಸಿಕೊಂಡು ಬೇಳೆಯ ತುಂಡನ್ನಷ್ಟೇ ಪರೀಕ್ಷಿಸಿದರೆ ಗ್ಲೈಸಿಟೀನ್ ಇಲ್ಲವೇನೋ ಅನ್ನಿಸುತ್ತದೆ. ಹಾಗಾಗಿ ಇಡೀ ಕಾಳುಗಳನ್ನೇ ಬೀಸುತ್ತಿದ್ದೆ, ಅದೂ ನಿಲ್ಲಿಸಿ ನಿಲ್ಲಿಸಿ, ಜಾರ್ ಬಿಸಿಯಾಗದ ಹಾಗೆ. ಹಸಿ ಕಾಳಿನಲ್ಲಿ ಹೆಚ್ಚಿನ ಭಾಗ ಸಕ್ಕರೆಯ ಜೊತೆ ಮ್ಯಾಲೋನಿಲ್ ಅನ್ನುವ ಸಣ್ಣ ತುಣುಕೂ ಅಂಟಿಕೊಂಡ ರೂಪದಲ್ಲಿರುತ್ತದೆ. ಬಿಸಿ ತಗುಲಿದರೆ ಆ ತುಣುಕು ಕಳಚಿಕೊಳ್ಳುತ್ತದೆ, ತೂಕದ ಲೆಕ್ಕವೇ ಬದಲಾಗುತ್ತದೆ. ಅದಕ್ಕೇ ನೀರು ಬೆರೆಸಿದ ಮೆಥನಾಲ್‌ನಲ್ಲಿ ಬಿಸಿ ಮಾಡದೆ ತೆಗೆದು, ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಅಂಶಗಳನ್ನು ಬೇರೆ ಮಾಡಿ ಅಳೆಯುವ ಯಂತ್ರ) ಬಂದ ಎಲ್ಲ ರೂಪಗಳನ್ನೂ ಸಕ್ಕರೆ ಕಳೆದ ಮೂಲ ರೂಪದ ಲೆಕ್ಕಕ್ಕೆ ತಂದೆ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಎರಡು ಲ್ಯಾಬ್‌ಗಳ ಅಂಕಿ ಹೋಲಿಸೋದು ಸುಮ್ನೆ.

ಆಮೇಲೆ ಐಸೋಫ್ಲೇವೋನ್ ಹೆಚ್ಚಿರುವ ತಳಿಯನ್ನೂ ಕಡಿಮೆ ಇರುವ ತಳಿಯನ್ನೂ ಸಂಕರ ಮಾಡಿ ಎರಡನೇ ಪೀಳಿಗೆ ನೋಡಿದೆ. ಹೋಲಿಕೆಗೆ ಹೇಳುವುದಾದರೆ, ಟ್ರಿಪ್ಸಿನ್ ಅನ್ನುವ ಜೀರ್ಣಕಾರಿ ಕಿಣ್ವವನ್ನು ತಡೆಯುವ ಸೋಯಾದ ಕುನಿಟ್ಜ್ ಪ್ರೋಟೀನಿನ ಕಥೆ ಸರಳ: ಒಂದೇ ಜೀನ್, ಎರಡನೇ ಪೀಳಿಗೆಯಲ್ಲಿ ಪ್ರೋಟೀನ್ ಇರುವುದು ಮೂರು ಪಾಲು, ಇಲ್ಲದ್ದು ಒಂದು. ಇಂದೋರಿನ ಎನ್‌ಆರ್‌ಸಿ 127 ತಳಿಯಲ್ಲಿ ಆ ಪ್ರೋಟೀನ್ ಇಲ್ಲ. ಐಸೋಫ್ಲೇವೋನ್ ಹಾಗೆ ಎರಡು ಗುಂಪಾಗುವುದಿಲ್ಲ. ಕಡಿಮೆಯಿಂದ ಜಾಸ್ತಿಯವರೆಗೆ ಎಲ್ಲ ಮಟ್ಟದವೂ ಸಿಗುತ್ತವೆ. ತಯಾರಿಕೆಗೆ ಐಎಫ್‌ಎಸ್1, ಐಎಫ್‌ಎಸ್2 ಜೀನ್‌ಗಳು ಬೇಕೇ ಬೇಕು. ಆದರೆ ಎಷ್ಟು ತಯಾರಾಗಬೇಕು ಅನ್ನುವುದರಲ್ಲಿ ಅದಕ್ಕೂ ಹಿಂದಿನ ಹಂತದ ಕಿಣ್ವವಾದ ಚಾಲ್ಕೋನ್ ಸಿಂಥೇಸ್‌ನ ಜೀನ್‌ಗಳೂ ಸೇರಿ ಹಲವು ಕೈಗಳಿವೆ.

ಹೀಗಿರುವಾಗ ಒಂದೇ ಮಾರ್ಕರ್ (ಬೇಕಾದ ಜೀನ್ ಇದೆಯೇ ಅಂತ ತೋರಿಸುವ ಡಿಎನ್‌ಎ ಗುರುತು) ನಂಬಿ ಗಿಡ ಆರಿಸಲು ನನಗೆ ಧೈರ್ಯ ಬರಲಿಲ್ಲ. ಏಪ್ರಿಲ್ ಕಾಳಿನಲ್ಲೂ ಸಾಲಿನ ಮೇಲ್ಭಾಗದಲ್ಲೇ ನಿಂತವನ್ನು ಮಾತ್ರ ಮುಂದಿನ ಬಿತ್ತನೆಗೆ ಇಟ್ಟುಕೊಂಡೆ.