ಥಂಡರ್‌ಬರ್ಡ್ ಇನ್‌ಬಾಕ್ಸ್ ಕೆಟ್ಟರೆ ಮೊದಲು ಇದನ್ನು ಮಾಡಿ

ಮಂಡ್ಯದಲ್ಲಿ ಅಂಗಡಿ, ಆಫೀಸ್ ಕಂಪ್ಯೂಟರ್‌ನಲ್ಲಿ ಇಮೇಲ್ ನೋಡುವ ಪ್ರೋಗ್ರಾಂ ಥಂಡರ್‌ಬರ್ಡ್ ಇಟ್ಟುಕೊಂಡವರಿಗೆ ಒಂದು ಸಲಹೆ. ಕರೆಂಟ್ ಹೋಗಿ ಬಂದ ಮೇಲೆ ಇನ್‌ಬಾಕ್ಸ್ ಖಾಲಿ ಕಾಣುತ್ತಿದೆಯಾ? ಒಂದು ಮೇಲ್ ಒತ್ತಿದರೆ ಇನ್ನೊಂದು ತೆರೆಯುತ್ತಿದೆಯಾ? ಗಾಬರಿ ಬೇಡ. ಹೆಚ್ಚಾಗಿ ಕೆಟ್ಟಿರುವುದು ಮೇಲ್ ಅಲ್ಲ, ಅದರ ಇಂಡೆಕ್ಸ್, ಅಂದರೆ ಯಾವ ಮೇಲ್ ಎಲ್ಲಿದೆ ಅನ್ನುವ ಪಟ್ಟಿ ಅಷ್ಟೆ.

ಇನ್‌ಬಾಕ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ 'ರಿಪೇರ್ ಫೋಲ್ಡರ್' ಒತ್ತಿ. ಮೇಲ್ ಜಾಸ್ತಿ ಇದ್ದರೆ ಹೊತ್ತು ಹಿಡಿಯುತ್ತದೆ, ಸುಮ್ನೆ ಕಾಯಿರಿ.

ಆಗಲಿಲ್ಲವೇ? ಪ್ರೋಗ್ರಾಂ ಮುಚ್ಚಿ, ಪ್ರೊಫೈಲ್ ಫೋಲ್ಡರ್ (ನಿಮ್ಮ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರ್) ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಆಮೇಲೆ ಕಂಪ್ಯೂಟರ್‌ನಲ್ಲಿರುವ ಅದೇ ಫೋಲ್ಡರ್ ಒಳಗಿನ 'ಇನ್‌ಬಾಕ್ಸ್ ಡಾಟ್ ಎಂಎಸ್‌ಎಫ್' (Inbox.msf) ಅನ್ನುವ ಇಂಡೆಕ್ಸ್ ಫೈಲ್ ಅಳಿಸಿ, ಥಂಡರ್‌ಬರ್ಡ್ ಮತ್ತೆ ತೆರೆಯಿರಿ. ಇಂಡೆಕ್ಸ್ ಹೊಸದಾಗಿ ತಯಾರಾಗುತ್ತದೆ. ಪಕ್ಕದಲ್ಲೇ ಬರೀ 'ಇನ್‌ಬಾಕ್ಸ್' ಅಂತ ಇರುವ ಫೈಲ್ ಮಾತ್ರ ಮುಟ್ಟಬೇಡಿ, ಮೇಲ್ ಇರುವುದೇ ಅದರಲ್ಲಿ. ಪಾಪ್ (POP, ಮೇಲ್ ಕಂಪ್ಯೂಟರ್‌ಗೇ ಇಳಿಸಿಕೊಳ್ಳುವ ವಿಧಾನ) ಅಕೌಂಟ್‌ನವರಂತೂ ಹುಷಾರು, ಸರ್ವರ್‌ನಲ್ಲಿ ಇನ್ನೊಂದು ಪ್ರತಿ ಇರದೇ ಹೋಗಬಹುದು.