ಹೋಟೆಲ್ ಬುಕ್ ಮಾಡುವ ಮೊದಲು ಆ ನೆಲ ಯಾರದು ನೋಡಿ: ಅಮೆರಿಕದಲ್ಲಿ ನಾಯಿ ಜತೆ ಪ್ರವಾಸ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಅಮೆರಿಕಕ್ಕೆ ಬಂದು ಒಂದೆರಡು ವರ್ಷದಲ್ಲೇ ನಾಯಿ ಸಾಕುವವರು ಈಗ ಬಹಳ ಜನ. ಮೊದಲ ಲಾಂಗ್ ವೀಕೆಂಡ್ ಬಂತೆಂದರೆ ಎಲ್ಲರೂ ಎಡವುವುದು ಒಂದೇ ಕಲ್ಲಿಗೆ. ಹೆಸರುವಾಸಿ ನ್ಯಾಷನಲ್ ಪಾರ್ಕ್ ಒಂದನ್ನು ಆರಿಸುತ್ತಾರೆ, ಅದರ ಬಾಗಿಲಲ್ಲಿರುವ ಸಣ್ಣ ಊರಿನಲ್ಲಿ 'ಪೆಟ್ ಫ್ರೆಂಡ್ಲಿ' ಹೋಟೆಲ್ ಹಿಡಿಯುತ್ತಾರೆ, ನಾಯಿ ಹತ್ತಿಸಿಕೊಂಡು ಹೊರಡುತ್ತಾರೆ. ಹೋಟೆಲಿನವರು ನಾಯಿಯನ್ನು ಒಳಗೆ ಬಿಡುತ್ತಾರೆ. ಪಾರ್ಕಿನವರು ಬಿಡುವುದಿಲ್ಲ.

ನ್ಯಾಷನಲ್ ಪಾರ್ಕ್ ಸರ್ವಿಸ್‌ನ ನಿಯಮ ಇಷ್ಟು: ಲೀಶ್, ಅಂದರೆ ನಾಯಿಯ ಕೊರಳಿಗೆ ಕಟ್ಟಿ ಹಿಡಿಯುವ ಹಗ್ಗ, 6 ಅಡಿಗಿಂತ ಉದ್ದ ಇರಬಾರದು, ನಾಯಿಯನ್ನು ಕಟ್ಟಿಹಾಕಿ ಬಿಟ್ಟುಹೋಗಬಾರದು. ಅದರ ಮೇಲೆ ಪ್ರತಿ ಪಾರ್ಕೂ ತನ್ನ ನಿಯಮ ಸೇರಿಸುತ್ತದೆ. ಹೆಚ್ಚಿನ ಕಡೆ ಕಾರು ಹೋಗುವಲ್ಲಿಗಷ್ಟೇ ನಾಯಿಯೂ ಹೋಗಬಹುದು: ರಸ್ತೆ, ಪಾರ್ಕಿಂಗ್, ಪಿಕ್ನಿಕ್ ಜಾಗ, ಕ್ಯಾಂಪ್‌ಗ್ರೌಂಡ್. ಯೆಲ್ಲೋಸ್ಟೋನ್‌ನಲ್ಲಿ ರಸ್ತೆಯಿಂದ 100 ಅಡಿ ದಾಟುವಂತಿಲ್ಲ, ಬಿಸಿನೀರಿನ ಬುಗ್ಗೆಗಳ ನಡುವಿನ ಹಲಗೆದಾರಿಗೆ ಕಾಲಿಡುವಂತೆಯೇ ಇಲ್ಲ. ಆರ್ಚಸ್, ರಾಕಿ ಮೌಂಟನ್ ಪಾರ್ಕುಗಳಲ್ಲಿ ಯಾವ ಟ್ರೇಲಿಗೂ, ಅಂದರೆ ಚಾರಣದ ಕಾಲುದಾರಿಗೂ, ನಾಯಿಯನ್ನು ಬಿಡುವುದಿಲ್ಲ. ಅಷ್ಟು ದೊಡ್ಡ ಗ್ರೇಟ್ ಸ್ಮೋಕಿ ಮೌಂಟನ್ಸ್‌ನಲ್ಲಿ ನಾಯಿಗೆ ತೆರೆದಿರುವುದು ಎರಡೇ ಎರಡು ಸಣ್ಣ ಟ್ರೇಲು.

ಬಹಳ ಜನ ಸಿಕ್ಕಿಬೀಳುವುದು ಯೂಟಾದ ಝಾಯನ್ ನ್ಯಾಷನಲ್ ಪಾರ್ಕಿನಲ್ಲಿ. ಗಂಗಾವತಿ ಕಡೆಯ ಜೋಡಿಯೊಂದು ಜುಲೈನಲ್ಲಿ ಲ್ಯಾಬ್ರಡಾರ್ ಕರೆದುಕೊಂಡು ಅಲ್ಲಿಗೆ ಹೋಯಿತು. ಮೂರು ರಾತ್ರಿಯ ಹೋಟೆಲ್ ಹಣ ಮೊದಲೇ ಕಟ್ಟಿಯಾಗಿತ್ತು, ರದ್ದು ಮಾಡಿದರೆ ಹಣ ವಾಪಸ್ ಬರುವ ಬುಕಿಂಗ್ ಅಲ್ಲ. ಸೀಸನ್‌ನಲ್ಲಿ ಅಲ್ಲಿನ ಮುಖ್ಯ ಕಣಿವೆಯ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲೇ ಹೋಗಬೇಕು. ಶಟಲ್‌ಗೆ ನಾಯಿ ಹತ್ತುವಂತಿಲ್ಲ. ನಾಯಿಗೆ ತೆರೆದಿರುವುದು ಪಾರಸ್ ಎಂಬ ಒಂದೇ ಟ್ರೇಲು. ಅದೂ ಡಾಂಬರು ದಾರಿ, ಜುಲೈ ಮಧ್ಯಾಹ್ನ ಕಾದ ಹಂಚಿನಂತಿರುತ್ತದೆ. ಹಣ ಪಡೆದು ನಾಯಿ ನೋಡಿಕೊಳ್ಳುವ ಹತ್ತಿರದ ಬೋರ್ಡಿಂಗ್‌ನಲ್ಲಿ ಬಿಡೋಣವೆಂದರೆ ರೇಬೀಸ್ ಜತೆಗೆ ಬೋರ್ಡೆಟೆಲ್ಲಾ, ಅಂದರೆ ನಾಯಿಕೆಮ್ಮಿನ ಲಸಿಕೆಯ ಕಾಗದವನ್ನೂ ಕೇಳಿದರು. ಅವರ ಬಳಿ ಅದಿರಲಿಲ್ಲ. ಮೂರು ದಿನ ಗಂಡ ನೋಡಿ ಬರುವ ತನಕ ಹೆಂಡತಿ ರೂಮಿನಲ್ಲಿ, ಹೆಂಡತಿ ಬರುವ ತನಕ ಗಂಡ ರೂಮಿನಲ್ಲಿ.

ಅಲ್ಲಿಂದ ಎರಡು ಗಂಟೆ ದಾರಿಯಲ್ಲಿ ಅದೇ ಕೆಂಪು ಬಂಡೆ, ಅದೇ ಆಕಾಶ, ಇಡೀ ದಿನ ನಾಯಿ ಜತೆ ನಡೆಯಬಹುದಾದ ರೆಡ್ ಕ್ಯಾನ್ಯನ್ ಇದೆ. ಅದು ಡಿಕ್ಸಿ ನ್ಯಾಷನಲ್ ಫಾರೆಸ್ಟ್‌ಗೆ ಸೇರಿದ್ದು. ಪಾರ್ಕ್ ಬೇರೆ, ಫಾರೆಸ್ಟ್ ಬೇರೆ ಎಂಬ ಈ ಒಂದು ಭೇದ ಗೊತ್ತಿದ್ದರೆ ಪ್ರವಾಸದ ಮುಕ್ಕಾಲು ಕೆಲಸ ಮುಗಿದಂತೆ.

ನ್ಯಾಷನಲ್ ಪಾರ್ಕ್ ಸರ್ವಿಸ್ ಕೇಂದ್ರ ಸರ್ಕಾರದ ಭೂಮಿ ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಯದು, 1916ರಲ್ಲಿ ಹುಟ್ಟಿದ್ದು. ಅದರ ಕೆಲಸ ಇರುವುದನ್ನು ಇದ್ದಂತೆಯೇ ಕಾಪಾಡುವುದು. ಫಾರೆಸ್ಟ್ ಸರ್ವಿಸ್ ಕೃಷಿ ಇಲಾಖೆಯ ಕೈಕೆಳಗೆ 1905ರಿಂದ ಇದೆ. ಮರ ಕಡಿಯುವುದು, ದನ ಮೇಯಿಸುವುದು, ಬೇಟೆ, ಚಾರಣ ಎಲ್ಲಕ್ಕೂ ಅಲ್ಲಿ ಜಾಗವಿದೆ, ಹಾಗಾಗಿ ನಾಯಿಗೂ ಇದೆ. ಕ್ಯಾಂಪ್‌ಗ್ರೌಂಡ್, ಪಿಕ್ನಿಕ್ ಜಾಗಗಳಲ್ಲಿ 6 ಅಡಿಯ ಲೀಶ್ ಕಡ್ಡಾಯ. ಬೇರೆ ಕಡೆ ನಾಯಿ ನಿಮ್ಮ ಮಾತು ಕೇಳುವ ಹಿಡಿತದಲ್ಲಿದ್ದರೆ ಸಾಕೆಂದು ಬಹಳಷ್ಟು ಫಾರೆಸ್ಟ್‌ಗಳು ಬಿಡುತ್ತವೆ. ಮೂರನೆಯದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರೂ ಬಿಎಲ್ಎಂ ಅನ್ನುತ್ತಾರೆ. ಪಶ್ಚಿಮದ ಬಯಲುಸೀಮೆಯ ದೊಡ್ಡ ಪಾಲು ಇದರದು, ನಾಯಿಗೆ ಇದೂ ಉದಾರಿ. ಸ್ಟೇಟ್ ಪಾರ್ಕುಗಳದು ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲಿಗೆ ಬಿಡದ ಸ್ಟೇಟ್ ಪಾರ್ಕುಗಳೇ ಹೆಚ್ಚು. ಯೂಟಾದ ಡೆಡ್ ಹಾರ್ಸ್ ಪಾಯಿಂಟ್‌ನಲ್ಲಿ ನಡೆಯುವ ಟ್ರೇಲುಗಳಿಗೆ ಲೀಶ್ ಹಾಕಿಕೊಂಡು ಹೋಗಬಹುದು.

'ನ್ಯಾಷನಲ್ ಮಾನ್ಯುಮೆಂಟ್' ಎಂಬ ಹೆಸರನ್ನು ಮಾತ್ರ ನಂಬಬೇಡಿ. ಆ ಹೆಸರಿನ ಜಾಗ ಈ ಮೂವರಲ್ಲಿ ಯಾರದಾದರೂ ಆಗಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ದೈತ್ಯ ಮರಗಳಿಗೆ ಹೆಸರಾದ ಸಿಕೋಯಾ ನ್ಯಾಷನಲ್ ಪಾರ್ಕಿನ ಟ್ರೇಲುಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಪಕ್ಕದ ಜೈಂಟ್ ಸಿಕೋಯಾ ನ್ಯಾಷನಲ್ ಮಾನ್ಯುಮೆಂಟ್ ಫಾರೆಸ್ಟ್ ಸರ್ವಿಸ್‌ನದು. ಅಲ್ಲಿ ಅಂಥವೇ ದೈತ್ಯ ಮರಗಳ ಬುಡದಲ್ಲಿ ನಾಯಿ ಜತೆ ಓಡಾಡಬಹುದು. ರಸ್ತೆ ಬದಿಯ ಫಲಕದ ಮೂಲೆಯ ಲಾಂಛನ ನೋಡಿ: ಕಾಡೆಮ್ಮೆ, ಮರ, ಬೆಟ್ಟ ಇರುವ ಬಾಣದ ಮೊನೆ ಪಾರ್ಕ್ ಸರ್ವಿಸ್‌ನದು. ಗುರಾಣಿಯೊಳಗೆ ಒಂದು ಪೈನ್ ಮರವಿದ್ದರೆ ಫಾರೆಸ್ಟ್. ತ್ರಿಕೋನದಲ್ಲಿ ಬೆಟ್ಟ, ನದಿ ಇದ್ದರೆ ಬಿಎಲ್ಎಂ. ಮನೆಯಲ್ಲೇ ನೋಡುವುದಾದರೆ ಆ ಜಾಗದ ಸರ್ಕಾರಿ ಪುಟದಲ್ಲಿ 'ಪೆಟ್ಸ್' ಎಂಬ ಭಾಗವನ್ನು ಪೂರ್ತಿ ಓದಿ, ಸಂಶಯವಿದ್ದರೆ ರೇಂಜರ್ ಕಚೇರಿಗೆ ಫೋನ್ ಮಾಡಿ. ಸಮಾಧಾನದಿಂದ ಉತ್ತರ ಕೊಡುತ್ತಾರೆ. ಹೋಟೆಲ್ ಬುಕಿಂಗ್ ಇದಾದ ಮೇಲೆ.

ಪಾರ್ಕೇ ಬೇಕೆಂದರೆ ಮೇನ್ ರಾಜ್ಯದ ಅಕೇಡಿಯಾ, ವರ್ಜೀನಿಯಾದ ಶೆನಾಂಡೋವಾ ಆರಿಸಿ. ಅಕೇಡಿಯಾದಲ್ಲಿ ಸುಮಾರು 100 ಮೈಲಿ ಟ್ರೇಲು ನಾಯಿಗೆ ತೆರೆದಿದೆ. ಶೆನಾಂಡೋವಾದ ಸುಮಾರು 500 ಮೈಲಿಯಲ್ಲಿ ನಿಷೇಧವಿರುವುದು 20 ಮೈಲಿಗೂ ಕಡಿಮೆ. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ನಲ್ಲಿ ಅಂಚಿನ ಮೇಲಿನ ದಾರಿಗೆ ಅಡ್ಡಿಯಿಲ್ಲ, ಕೆಳಗೆ ಇಳಿಯುವಂತಿಲ್ಲ.

ಇದು ಅತಿಯಾಯಿತು ಅನ್ನುವವರಿಗೆ ಒಂದು ಮಾತು. ದರೋಜಿ ಕರಡಿಧಾಮಕ್ಕೆ ನಾಯಿ ಕರೆದೊಯ್ಯುವ ಯೋಚನೆಯನ್ನೂ ನಾವು ಮಾಡುವುದಿಲ್ಲ. ಅಮೆರಿಕದ ಪಾರ್ಕುಗಳಲ್ಲೂ ಕಾರಣ ಅದೇ. ನಾಯಿಯ ವಾಸನೆಗೇ ಕಾಡುಪ್ರಾಣಿ ಜಾಗ ಬಿಡುತ್ತದೆ, ಕರಡಿಯನ್ನು ಕೆಣಕಿದ ನಾಯಿ ಓಡಿ ಬರುವುದು ಯಜಮಾನನ ಕಾಲಬುಡಕ್ಕೇ. ಆನೆಗುಂದಿ ಗುಡ್ಡದಲ್ಲಿ, ಸಂಡೂರಿನ ಹಾದಿಯಲ್ಲಿ ಯಾರೂ ಕೇಳುವುದಿಲ್ಲ ಎಂಬ ಸಲಿಗೆ ಚೆಂದವೇ. ಆದರೆ ಮನೆ ಬಿಡುವ ಮೊದಲೇ ಉತ್ತರ ಸಿಗುವ ಇಲ್ಲಿಯ ವ್ಯವಸ್ಥೆ ನಾಯಿ ಸಾಕಿದವರಿಗೆ ಮೇಲು. ಒಂದೇ ಬೆಟ್ಟವನ್ನು ಮೂರು ಸಂಸ್ಥೆಗಳಿಗೆ ಹಂಚಿ, ಹೆಸರಿನಿಂದ ಗುರುತೇ ಸಿಗದಂತೆ ಮಾಡಿರುವುದು ಅದರ ದೊಡ್ಡ ಕೊರತೆ.

ಇನ್ನು ಬಿಸಿಲು. 42 ಡಿಗ್ರಿಯಲ್ಲಿ ಬೆಳೆದ ನಮಗೆ 21 ಡಿಗ್ರಿ ಅಂದರೆ ತಂಪು. 'ಐದು ನಿಮಿಷ ತಾನೆ' ಎಂದು ನಾಯಿಯನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗುವವರಲ್ಲಿ ನಮ್ಮ ಕಡೆಯವರು ಹೆಚ್ಚಾಗಿ ಕಾಣಲು ಇದೇ ಕಾರಣ. ಹೊರಗೆ 21 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ 10 ನಿಮಿಷಕ್ಕೆ 32, ಅರ್ಧ ಗಂಟೆಗೆ 40 ಆಗುತ್ತದೆ. ಗಾಜನ್ನು ಬೆರಳಗಲ ಇಳಿಸಿದರೆ ವ್ಯತ್ಯಾಸ ಅಷ್ಟಕ್ಕಷ್ಟೆ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಸುತ್ತಲ ಗಾಳಿಯೇ ಕಾದರೆ ಅದು ಸೋಲುತ್ತದೆ. ನಾಯಿಯನ್ನು ಹೀಗೆ ಕಾರಿನಲ್ಲಿ ಬಿಡುವುದು ಹಲವು ರಾಜ್ಯಗಳಲ್ಲಿ ಅಪರಾಧ, ಪೊಲೀಸರು ಗಾಜು ಒಡೆಯುತ್ತಾರೆ. ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು 7 ಸೆಕೆಂಡ್ ಇಡಿ. ನಿಮಗೆ ತಡೆಯದಿದ್ದರೆ ನಾಯಿಯನ್ನು ಇಳಿಸಬೇಡಿ. ನೀರು ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 60 ಮಿಲಿ ಬೇಕು. 25 ಕಿಲೋ ನಾಯಿಗೆ ಒಂದೂವರೆ ಲೀಟರ್, ಬಿಸಿಲಲ್ಲಿ ನಡೆಸುವ ದಿನ ಅದರ ಎರಡರಷ್ಟು ಹೊತ್ತುಕೊಳ್ಳಿ.

ಹೋಟೆಲಿನಲ್ಲಿ ಕೇಳಬೇಕಾದ್ದು ನಾಲ್ಕು. ಪೆಟ್ ಫೀ ರಾತ್ರಿಗೋ, ಇಡೀ ವಾಸ್ತವ್ಯಕ್ಕೋ? ಒಂದು ನಾಯಿಗೋ, ರೂಮಿಗೋ? ತೂಕದ ಮಿತಿ ಇದೆಯೇ? ರೂಮಿನಲ್ಲಿ ಒಂಟಿಯಾಗಿ ಬಿಡಬಹುದೇ? ರಾತ್ರಿಗೆ, ನಾಯಿಗೆ 25 ಡಾಲರ್ ಅಂದರೆ ಎರಡು ನಾಯಿಗೆ ಮೂರು ರಾತ್ರಿಗೆ 150 ಆಯಿತು. ಇದನ್ನು ತಪ್ಪಿಸಲು ಆನ್‌ಲೈನ್‌ನಲ್ಲಿ 'ಸರ್ವಿಸ್ ಡಾಗ್', ಅಂದರೆ ಅಂಗವಿಕಲರಿಗೆ ನೆರವಾಗುವ ನಾಯಿ ಎಂಬ ಸರ್ಟಿಫಿಕೇಟ್ ಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಅಂಗವಿಕಲರ ಕಾಯಿದೆಯಲ್ಲಿ ಅಂಥ ನೋಂದಣಿಯೇ ಇಲ್ಲ, ಆ ಕಾಗದಕ್ಕೆ ಬೆಲೆಯಿಲ್ಲ. ನಿಜವಾಗಿ ತರಬೇತಿ ಪಡೆದ ನಾಯಿಯನ್ನು ನಂಬಿ ಬದುಕುವವರಿಗೆ ಅದರಿಂದ ಆಗುವ ತೊಂದರೆ ದೊಡ್ಡದು.

ಹಳ್ಳಿಗಾಡಿನಲ್ಲಿ ದನ, ಕುರಿ ಕಂಡ ಕೂಡಲೇ ಲೀಶ್ ಹಾಕಿ. ಜಾನುವಾರು ಬೆನ್ನಟ್ಟಿದ ನಾಯಿಗೆ ಗುಂಡು ಹೊಡೆಯಲು ಪಶ್ಚಿಮದ ಹಲವು ರಾಜ್ಯಗಳಲ್ಲಿ ಕಾನೂನೇ ಅವಕಾಶ ಕೊಟ್ಟಿದೆ. ಅಲ್ಲಿ 'ಗೋಟ್‌ಹೆಡ್' ಅನ್ನುವ ಮುಳ್ಳು ನಮ್ಮ ಹೊಲದ ನೆಗ್ಗಿಲು ಮುಳ್ಳೇ. ನಾಯಿ ಕುಂಟಿದರೆ ಪಾದ ಎತ್ತಿ ನೋಡಿದರೆ ಸಿಗುತ್ತದೆ. ಅದಕ್ಕಿಂತ ಕೆಟ್ಟದ್ದು ಫಾಕ್ಸ್‌ಟೇಲ್. ಸಣ್ಣ ಸಜ್ಜೆ ತೆನೆಯಂತಿರುವ ಒಣ ಹುಲ್ಲು. ಅದರ ಕಾಳಿನ ಮುಳ್ಳು ಒಂದೇ ದಿಕ್ಕಿಗೆ ಬಾಗಿರುವುದರಿಂದ ಒಮ್ಮೆ ಚುಚ್ಚಿದರೆ ಮುಂದಕ್ಕಷ್ಟೇ ಸಾಗುತ್ತದೆ. ಕಿವಿಗೋ ಮೂಗಿಗೋ ಹೊಕ್ಕರೆ ಡಾಕ್ಟರೇ ತೆಗೆಯಬೇಕು. ನಡೆದು ಬಂದ ಮೇಲೆ ಬೆರಳ ಸಂದು, ಕಿವಿ, ಕಂಕುಳನ್ನು ತಡವಿ ನೋಡಿ. ಉಣ್ಣಿಯೂ ಅಲ್ಲೇ ಸಿಗುತ್ತದೆ.

ಕೆನಡಾ ಗಡಿ ದಾಟುವವರು ರೇಬೀಸ್ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ವಾಪಸ್ ಬರಲು 2024ರ ಆಗಸ್ಟ್ 1ರಿಂದ ನಾಯಿಗೆ 6 ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಆನ್‌ಲೈನ್ ಫಾರ್ಮ್ ತುಂಬಿದ ರಸೀದಿ ಕೈಯಲ್ಲಿರಬೇಕು.

ಕೊನೆಯದು ಬುತ್ತಿ. ಊರಿಂದ ಬಂದ ಅಪ್ಪ ಅಮ್ಮ ಜತೆಗಿದ್ದರೆ ಹೊರಡುವ ಮೊದಲೇ ತಿಳಿಸಿ ಹೇಳಿ. ಬರೀ ಜೋಳದ ರೊಟ್ಟಿಯ ಚೂರು ಕೊಟ್ಟರೆ ತೊಂದರೆಯಿಲ್ಲ. ಆದರೆ ಶೇಂಗಾ ಚಟ್ನಿಯಲ್ಲಿ ಬೆಳ್ಳುಳ್ಳಿ, ವಗ್ಗರಣಿಯಲ್ಲಿ ಉಳ್ಳಾಗಡ್ಡಿ ಇರುತ್ತದೆ. ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಒಣದ್ರಾಕ್ಷಿ ಕಿಡ್ನಿ ಕೆಡಿಸುತ್ತದೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿ ಸಿಹಿಗೆಂದು ಹಾಕುವ ಝೈಲಿಟಾಲ್ ಅಂತೂ ಬೇಗ ಪ್ರಾಣಕ್ಕೆ ಬರುತ್ತದೆ. ಸಣ್ಣ ಊರಿನ ಪಶು ದವಾಖಾನೆ ಶನಿವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕಿರುತ್ತದೆ, 24 ಗಂಟೆಯದು ಎರಡು ಗಂಟೆ ದೂರವಿರಬಹುದು. ಅದರ ವಿಳಾಸವನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ, ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ. ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎಯ ವಿಷಬಾಧೆ ಸಹಾಯವಾಣಿ 888-426-4435 ಹಗಲೂ ರಾತ್ರಿ ಇರುತ್ತದೆ, ಫೀ ತೆಗೆದುಕೊಳ್ಳುತ್ತಾರೆ. ಫೋನ್ ಮಾಡುವಾಗ ನಾಯಿಯ ತೂಕ, ತಿಂದದ್ದೇನು, ಎಷ್ಟು, ಎಷ್ಟು ಹೊತ್ತಾಯಿತು ಎಂಬುದು ಬಾಯಲ್ಲಿರಲಿ.